ರೋಗಿಗಳೇ ಕಟ್ಟಿದ ವಿದ್ಯೆ

ಆಸ್ಪತ್ರೆಯಲ್ಲಿ ‘ಓಟಿ’ ಎಂದರೆ ನಮಗೆಲ್ಲ ಗೊತ್ತಿರುವುದು ಆಪರೇಷನ್ ಥಿಯೇಟರ್. ಆದರೆ ಇನ್ನೊಂದು ಓಟಿಯೂ ಉಂಟು. ಅದರ ಪೂರ್ತಿ ಹೆಸರು ಆಕ್ಯುಪೇಷನಲ್ ಥೆರಪಿ. ಕನ್ನಡದಲ್ಲಿ ಔದ್ಯೋಗಿಕ ಚಿಕಿತ್ಸೆ ಎಂದು ಬರೆಯುತ್ತಾರೆ. ಈ ಹೆಸರಿನಿಂದಾಗುವ ಗೊಂದಲ ಅಷ್ಟಿಷ್ಟಲ್ಲ. “ನಾಳೆ ಬೆಳಿಗ್ಗೆ ಓಟಿಗೆ ಕರೆದುಕೊಂಡು ಹೋಗ್ತೇವೆ” ಎಂದು ನರ್ಸ್ ಹೇಳಿದಾಗ ನನ್ನ ಹೆಂಡತಿ ಹೆದರಿ ಮಗನಿಗೆ ಫೋನ್ ಮಾಡಿದ್ದಳು. ಔದ್ಯೋಗಿಕ ಎಂಬ ಶಬ್ದ ಕೇಳಿದ ನಮ್ಮ ನೆರೆಯವರೊಬ್ಬರಂತೂ, “ಎಪ್ಪತ್ತು ದಾಟಿದ ನಿಮಗೆ ಇನ್ನೆಂಥ ಉದ್ಯೋಗ ಕೊಡ್ತಾರಂತೆ ಮಾರಾಯ್ರೆ?” ಎಂದು ಕೇಳಿದ್ದರು.

ಎರಡು ಮಳೆಗಾಲದ ಹಿಂದೆ ನನಗೆ ಪಾರ್ಶ್ವವಾಯು ಬಡಿಯಿತು. ಬೆಳಗ್ಗಿನ ಚಹಾದ ಲೋಟ ಕೈಯಿಂದ ಜಾರಿತು. ಬಗ್ಗಿ ಹೆಕ್ಕಲು ಹೋದರೆ ಬಲಗೈ ನನ್ನದಲ್ಲ ಎಂಬಂತೆ ತೂಗುತ್ತಿತ್ತು. ಎಂಟನೇ ತರಗತಿಯ ಮೊಮ್ಮಗಳು ನನ್ನ ಮುಖ ನೋಡಿ, “ಅಜ್ಜನ ಬಾಯಿ ಓರೆ ಆಗಿದೆ” ಎಂದು ಕೂಗಿದಳು. ಅವಳ ಶಾಲೆಯಲ್ಲಿ ಯಾರೋ ವೈದ್ಯರು ಬಂದು ಹೇಳಿಕೊಟ್ಟಿದ್ದರಂತೆ. ಓದುವ ಮಕ್ಕಳೂ ಇದನ್ನು ನೆನಪಿಟ್ಟುಕೊಳ್ಳಿ. ಬಾಯಿ ಒಂದು ಬದಿಗೆ ವಾಲಿದರೆ, ಎರಡೂ ಕೈ ಎತ್ತಲು ಹೇಳಿದಾಗ ಒಂದು ಕೆಳಗಿಳಿದರೆ, ಮಾತು ತೊದಲಿದರೆ, ಎಣ್ಣೆ ತಿಕ್ಕುತ್ತ ಕೂರಬಾರದು. 108ಕ್ಕೆ ಫೋನ್ ಮಾಡಬೇಕು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ.

ಉಳ್ಳಾಲದವರಿಗೆ ಆಸ್ಪತ್ರೆ ದೂರವಿಲ್ಲ. ಈಚೆ ದೇರಳಕಟ್ಟೆಯಲ್ಲಿ ಉಂಟು, ನೇತ್ರಾವತಿ ಸೇತುವೆ ದಾಟಿದರೆ ಮಂಗಳೂರಿನಲ್ಲಿ ಬೇಕಾದಷ್ಟುಂಟು. ಜೀವ ಉಳಿಯಿತು. ಫಿಸಿಯೋಥೆರಪಿಯವರು ಮೂರು ವಾರದಲ್ಲಿ ಕೋಲು ಹಿಡಿದು ನಡೆಯುವಂತೆ ಮಾಡಿದರು. ಉಳಿದದ್ದು ಬಲಗೈ. ಅದನ್ನು ಕರೆದುಕೊಂಡು ಹೋದದ್ದು ಈ ಎರಡನೆಯ ಓಟಿಗೆ.

ಬಾಗಿಲು ತೆರೆದರೆ ನನಗೆ ಅದು ಅಂಗನವಾಡಿಯಂತೆ ಕಂಡಿತು. ಮೇಜಿನ ಮೇಲೆ ಬಣ್ಣದ ಮರದ ಗೂಟಗಳು, ಬಟ್ಟೆ ಸಿಕ್ಕಿಸುವ ಕ್ಲಿಪ್ಪುಗಳು, ಬಟಾಣಿ ತುಂಬಿದ ಡಬ್ಬಿ, ದೊಡ್ಡದರಿಂದ ಸಣ್ಣದರವರೆಗೆ ಸಾಲಾಗಿ ಗುಂಡಿ ಹೊಲಿದ ಒಂದು ಹಲಗೆ. ಒಂದು ಮೂಲೆಯಲ್ಲಿ ಅಡುಗೆಮನೆಯ ಕಟ್ಟೆ, ಗ್ಯಾಸ್ ಒಲೆ. ಇನ್ನೊಂದು ಮೂಲೆಯಲ್ಲಿ ಒಂದು ಮಂಚ, ಬಕೆಟ್ಟು, ಚೆಂಬು. ಮದ್ದಿನ ವಾಸನೆ ಇಲ್ಲವೇ ಇಲ್ಲ. ಅಲ್ಲಿದ್ದ ಥೆರಪಿಸ್ಟ್ ನನ್ನ ಮಗಳಿಗಿಂತ ಚಿಕ್ಕವಳು. ನಾಡಿ ನೋಡಲಿಲ್ಲ, ಕೈ ಎತ್ತಿ ಎನ್ನಲಿಲ್ಲ. ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಅಂಕಲ್, ಎಲ್ಲಕ್ಕಿಂತ ಮೊದಲು ನಿಮಗೆ ಏನು ಮಾಡ್ಲಿಕ್ಕೆ ಬರ್ಬೇಕು ಅಂತ ಉಂಟು?”

ನಾನು ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು. ನೋಟು ಎಣಿಸುವ ಯಂತ್ರ ಬರುವುದಕ್ಕೆ ಮುಂಚಿನ ಕಾಲ. ಎಡಗೈಯಲ್ಲಿ ಕಟ್ಟು ಹಿಡಿದು, ಬಲಗೈ ಬೆರಳನ್ನು ಸ್ಪಂಜಿನ ಡಬ್ಬಿಗೆ ಒತ್ತಿ ನೂರು ನೋಟಿನ ಪ್ಯಾಕೆಟನ್ನು ಎಣಿಸುತ್ತಿದ್ದರೆ ಎದುರು ನಿಂತವರು ಮಾತು ನಿಲ್ಲಿಸಿ ನೋಡುತ್ತಿದ್ದರು. ಕೈ ಹೋದಾಗ ನನಗೆ ಮೊದಲು ಬಂದ ಯೋಚನೆ ಊಟದ್ದಲ್ಲ, ಸ್ನಾನದ್ದಲ್ಲ, ಸಹಿಯದ್ದು. ನವೆಂಬರ್ ಬಂದರೆ ಪಿಂಚಣಿದಾರರು ‘ಬದುಕಿದ್ದೇನೆ’ ಎಂಬ ಪತ್ರಕ್ಕೆ ಸಹಿ ಹಾಕಿ ಕೊಡಬೇಕು. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು, ನಿಯಮವಿದೆ. ಆ ನಿಯಮ ನನಗೆ ಬಾಯಿಪಾಠ. ಆದರೆ ಸಾವಿರಾರು ಜನರ ಸಹಿಯನ್ನು ಕಾರ್ಡಿನ ಸಹಿಯೊಂದಿಗೆ ತಾಳೆ ನೋಡಿದವನು ಕೊನೆಗೆ ಹೆಬ್ಬೆಟ್ಟಿನ ಗುರುತು ಆಗುವುದೇ? “ಸಹಿ ಹಾಕ್ಲಿಕ್ಕೆ ಬರ್ಬೇಕು. ನೋಟು ಎಣಿಸ್ಲಿಕ್ಕೆ ಬರ್ಬೇಕು” ಎಂದೆ, ತೊದಲುತ್ತ.

ಅವಳು ನಗಲಿಲ್ಲ. ಬರೆದುಕೊಂಡಳು. ಮರುದಿನ ನೋಟಿನ ಅಳತೆಗೆ ಕತ್ತರಿಸಿದ ದಪ್ಪ ರಟ್ಟಿನ ತುಂಡುಗಳು ಮೇಜಿನ ಮೇಲಿದ್ದವು. ಒಂದು ವಾರ ರಟ್ಟು, ಆಮೇಲೆ ಹಳೆಯ ಲಗ್ನಪತ್ರಿಕೆಗಳು, ಆಮೇಲೆ ಕ್ಯಾಲೆಂಡರಿನ ಹಾಳೆ. ನಿಜವಾದ ಹತ್ತು ರೂಪಾಯಿ ನೋಟು ಕೈಗೆ ಬರಲು ನಾಲ್ಕು ತಿಂಗಳು ಹಿಡಿಯಿತು.

ಅದೇ ಕೋಣೆಯಲ್ಲಿ ನನ್ನ ಪಕ್ಕ ಮೀನುಗಾರರೊಬ್ಬರು ಕೂರುತ್ತಿದ್ದರು. ಅವರ ಮುಂದೆ ಹರಿದ ಬಲೆಯ ತುಂಡು ಮತ್ತು ದಾರ. ಬೀಡಿ ಕಟ್ಟಿ ಮೂವರು ಮಕ್ಕಳನ್ನು ಓದಿಸಿದ ಹೆಂಗಸೊಬ್ಬರು ಬರುತ್ತಿದ್ದರು. ಅವರಿಗೆ ಎಲೆಯ ಅಳತೆಗೆ ಕತ್ತರಿಸಿದ ಕಾಗದ ಮತ್ತು ಸಣ್ಣ ಕತ್ತರಿ. ಉಳ್ಳಾಲ, ತೊಕ್ಕೊಟ್ಟಿನ ಕಡೆ ಬೀಡಿ ಕಟ್ಟದ ಕೈ ಇರುವ ಓಣಿ ಯಾವುದುಂಟು? ಮೂವರಿಗೂ ಇದ್ದದ್ದು ಸ್ವಾಧೀನ ತಪ್ಪಿದ ಬಲಗೈ, ಆದರೆ ಕೊಟ್ಟ ಮದ್ದು ಬೇರೆ ಬೇರೆ. ಫಿಸಿಯೋಥೆರಪಿ ಮತ್ತು ಓಟಿಯ ನಡುವಿನ ವ್ಯತ್ಯಾಸ ನನಗೆ ಅರ್ಥವಾದದ್ದು ಅಲ್ಲಿ. ಸ್ನಾಯುವಿಗೆ ಬಲ ಬರುವಂತೆ, ಕೀಲು ಆಡುವಂತೆ, ಕಾಲು ನಡೆಯುವಂತೆ ಮಾಡುವುದು ಮೊದಲನೆಯದು. ಆ ಕೈಕಾಲುಗಳಿಂದ ನಮ್ಮ ನಮ್ಮ ದಿನವನ್ನು ಮತ್ತೆ ನಡೆಸಿಕೊಳ್ಳಲು ಕಲಿಸುವುದು ಎರಡನೆಯದು. ಹಲ್ಲುಜ್ಜುವುದು, ಲುಂಗಿ ಉಡುವುದು, ಅನ್ನ ಕಲಸುವುದು, ಬಸ್ಸು ಹತ್ತುವುದು ಇವೆಲ್ಲ ಅವರ ಲೆಕ್ಕದಲ್ಲಿ ಆಕ್ಯುಪೇಷನ್. ಸಂಬಳ ಬರುವ ಕೆಲಸವೇ ಆಗಬೇಕೆಂದಿಲ್ಲ.

ಒಂದು ದಿನ ನನ್ನ ಜೊತೆ ಬಂದಿದ್ದ ಮೊಮ್ಮಗಳು ಥೆರಪಿಸ್ಟನ್ನು ಕೇಳಿದಳು: “ಅಕ್ಕ, ಇದನ್ನೆಲ್ಲ ಯಾವ ಡಾಕ್ಟರ್ ಕಂಡುಹಿಡಿದದ್ದು?”

“ಡಾಕ್ಟರೊಬ್ಬರೇ ಅಲ್ಲ. ಒಬ್ಬ ಪೇಷೆಂಟ್ ಕೂಡ ಇದ್ರು” ಎಂದಳು ಆಕೆ.

ಮನೆಗೆ ಬಂದ ಮೇಲೆ ಅಜ್ಜ–ಮೊಮ್ಮಗಳು ಸೇರಿ ಆ ಪೇಷೆಂಟಿನ ಕಥೆ ಹುಡುಕಿದೆವು. ಅವಳು ಓದಿ ಹೇಳುವುದು, ನಾನು ಎಡಗೈಯಲ್ಲಿ ಟಿಪ್ಪಣಿ ಮಾಡುವುದು. ಆ ಟಿಪ್ಪಣಿಯೇ ಈ ಲೇಖನ.

ಆತನ ಹೆಸರು ಜಾರ್ಜ್ ಎಡ್ವರ್ಡ್ ಬಾರ್ಟನ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1871ರಲ್ಲಿ ಹುಟ್ಟಿದವನು, ಕಟ್ಟಡಗಳ ನಕ್ಷೆ ತಯಾರಿಸುವ ಆರ್ಕಿಟೆಕ್ಟ್. ಲಂಡನ್ನಿಗೂ ಹೋಗಿ ಬಂದಿದ್ದ. ಆಗ ಇಂಗ್ಲೆಂಡಿನಲ್ಲಿ ಕಾರ್ಖಾನೆಯ ಸರಕಿಗೆ ಬೇಸತ್ತವರು ಕೈಕಸುಬಿಗೆ ಮತ್ತೆ ಮರ್ಯಾದೆ ತರಬೇಕೆಂದು ಚಳವಳಿ ನಡೆಸುತ್ತಿದ್ದರು. ಮರಗೆಲಸ, ನೇಯ್ಗೆ, ಪುಸ್ತಕದ ರಟ್ಟು ಕಟ್ಟುವುದು, ಹೀಗೆ ಕೈಯಿಂದ ಮಾಡಿದ್ದರಲ್ಲಿ ಮನುಷ್ಯನ ಮನಸ್ಸೂ ಸೇರುತ್ತದೆ ಎಂಬುದು ಅವರ ವಾದ. ಬಾರ್ಟನ್‌ಗೆ ಅದು ಹಿಡಿಸಿತು. ಊರಿಗೆ ಮರಳಿದ ಮೇಲೆ ಬಾಸ್ಟನ್ನಿನಲ್ಲಿ ಅಂಥದ್ದೇ ಸಂಘದಲ್ಲಿ ಕೆಲಸ ಮಾಡಿದ.

ಆಮೇಲೆ ಒಂದರ ಮೇಲೊಂದು ಪೆಟ್ಟು. ಮೊದಲು ಕ್ಷಯರೋಗ. ಆಗ ಅದಕ್ಕೆ ಮದ್ದೇ ಇರಲಿಲ್ಲ. ಒಳ್ಳೆಯ ಗಾಳಿ ಇರುವ ಊರಿಗೆ ಹೋಗಿ ಎನ್ನುವುದೇ ಚಿಕಿತ್ಸೆ. ಆತ ಪಶ್ಚಿಮದ ಕೊಲೊರಾಡೊಗೆ ಹೋದ. ಅಲ್ಲಿರುವಾಗ ಚಳಿಗೆ ಎಡಗಾಲು ಮರಗಟ್ಟಿ ಕೊಳೆಯತೊಡಗಿತು, ಬೆರಳುಗಳನ್ನು ಕತ್ತರಿಸಬೇಕಾಯಿತು. ಅದು ಮುಗಿಯುವುದರೊಳಗೆ ದೇಹದ ಎಡಭಾಗಕ್ಕೆ ಲಕ್ವ. ನಲವತ್ತರ ಆಸುಪಾಸಿನ ಮನುಷ್ಯ, ಉದ್ಯೋಗ ಹೋಯಿತು, ಕೈ ಹೋಯಿತು, ಕಾಲು ಹೋಯಿತು. ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನ ಆರೋಗ್ಯಧಾಮಕ್ಕೆ ಬಂದು ಮಲಗಿದ.

ಅಲ್ಲಿ ಎಲ್‌ವುಡ್ ವೂಸ್ಟರ್ ಎಂಬ ಪಾದ್ರಿಯೊಬ್ಬರು ಅವನಿಗೆ ಧೈರ್ಯ ಹೇಳಿದರು. ಮಲಗಿಯೇ ಇದ್ದರೆ ಆರೋಗ್ಯ ತಾನಾಗಿ ಬರುವುದಿಲ್ಲ ಎಂಬುದು ಬಾರ್ಟನ್ನಿಗೆ ಹೊಳೆದದ್ದು ಆ ಹಾಸಿಗೆಯಲ್ಲಿ. ಆಸ್ಪತ್ರೆಗಳು ರೋಗವನ್ನು ಗುಣಪಡಿಸಿ ಮನುಷ್ಯನನ್ನು ಬಾಗಿಲ ಹೊರಗೆ ಬಿಡುತ್ತವೆ. ಅವನು ಮನೆಗೆ ಹೋಗಿ ಏನು ಮಾಡಬೇಕೆಂದು ಯಾರೂ ಕೇಳುವುದಿಲ್ಲ ಎಂದು ಆತನಿಗೆ ಸಿಟ್ಟು. (ನನ್ನ ಅನುಭವದಲ್ಲಿ ಈ ಸಿಟ್ಟಿಗೆ ಇನ್ನೂ ವಯಸ್ಸಾಗಿಲ್ಲ.) ಆತ ಅದೇ ಊರಿನಲ್ಲಿ ಒಂದು ಮನೆ ಕೊಂಡ. 1914ರಲ್ಲಿ ಅದಕ್ಕೆ ‘ಕನ್ಸೋಲೇಷನ್ ಹೌಸ್’ ಎಂದು ಹೆಸರಿಟ್ಟ. ಸಾಂತ್ವನದ ಮನೆ ಎಂದು ಹೇಳಬಹುದು. ಅಲ್ಲಿ ಮರಗೆಲಸದ ಉಪಕರಣಗಳನ್ನು ತಂದಿಟ್ಟ, ತೋಟ ಮಾಡಿದ. ಮೊದಲ ರೋಗಿ ಅವನೇ, ಮೊದಲ ಥೆರಪಿಸ್ಟೂ ಅವನೇ. ಮರಗೆಲಸದಲ್ಲಿ, ತೋಟದ ಕೆಲಸದಲ್ಲಿ ತನ್ನ ಕೈಕಾಲನ್ನೇ ಪಳಗಿಸಿಕೊಂಡ. ಆಮೇಲೆ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಬೇರೆಯವರಿಗೆ ಬಾಗಿಲು ತೆರೆದ.

ಕೆಲಸದಿಂದ ಬರುವ ಕಾಯಿಲೆ ಎಂಬುದೊಂದು ಇದ್ದರೆ, ಕೆಲಸದಿಂದ ಆಗುವ ಚಿಕಿತ್ಸೆ ಏಕೆ ಇರಬಾರದು ಎಂಬುದು ಬಾರ್ಟನ್ ಎತ್ತಿದ ಪ್ರಶ್ನೆ. ಆಕ್ಯುಪೇಷನಲ್ ಥೆರಪಿ ಎಂಬ ಹೆಸರು ಬಳಕೆಗೆ ಬಂದದ್ದೂ ಅವನಿಂದಲೇ ಎನ್ನುತ್ತಾರೆ.

1917ರ ಮಾರ್ಚ್ ತಿಂಗಳಲ್ಲಿ ಆ ಮನೆಯಲ್ಲಿ ಒಂದು ಸಣ್ಣ ಸಭೆ ಸೇರಿತು. ಬಂದವರ ಪಟ್ಟಿ ನನಗೆ ಬಹಳ ಇಷ್ಟವಾಯಿತು. ಮನೋರೋಗ ವೈದ್ಯರಾದ ವಿಲಿಯಂ ರಷ್ ಡಂಟನ್. ಸಮಾಜಸೇವೆಯಿಂದ ಬಂದ ಎಲೀನರ್ ಕ್ಲಾರ್ಕ್ ಸ್ಲಾಗಲ್. ಕರಕುಶಲ ಕಲೆ ಕಲಿಸುತ್ತಿದ್ದ ಸೂಸನ್ ಕಾಕ್ಸ್ ಜಾನ್ಸನ್. ಇನ್ನೊಬ್ಬ ಆರ್ಕಿಟೆಕ್ಟ್ ಥಾಮಸ್ ಕಿಡ್ನರ್. ಮತ್ತು ಬಾರ್ಟನ್ನಿನ ಕಾರ್ಯದರ್ಶಿ ಇಸಬೆಲ್ ನ್ಯೂಟನ್. ಆರು ಜನರಲ್ಲಿ ಡಾಕ್ಟರ್ ಒಬ್ಬರೇ! ಅವರೆಲ್ಲ ಸೇರಿ ಈ ಚಿಕಿತ್ಸೆಯನ್ನು ಬೆಳೆಸಲು ರಾಷ್ಟ್ರೀಯ ಸಂಘವೊಂದನ್ನು ಹುಟ್ಟುಹಾಕಿದರು. ರೋಗಿಯಾಗಿದ್ದ ಬಾರ್ಟನ್ ಅದರ ಮೊದಲ ಅಧ್ಯಕ್ಷ. ನಿಮಿಷ ಬರೆದುಕೊಂಡ ಕಾರ್ಯದರ್ಶಿಯನ್ನೇ ಮರುವರ್ಷ ಆತ ಮದುವೆಯಾದ. (ಇದನ್ನು ಓದಿದಾಗ ಮೊಮ್ಮಗಳು ನಕ್ಕದ್ದೇ ನಕ್ಕದ್ದು.)

ಸಭೆ ಮುಗಿದು ಒಂದು ತಿಂಗಳಾಗುವಷ್ಟರಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿಯಿತು. ಕೈಕಾಲು ಕಳೆದುಕೊಂಡ, ಮನಸ್ಸು ಕದಡಿಹೋದ ಸೈನಿಕರಿಗೆ ಕೆಲಸ ಕಲಿಸಲು ಅನೇಕ ಹೆಣ್ಣುಮಕ್ಕಳನ್ನು ತರಬೇತು ಮಾಡಬೇಕಾಯಿತು. ಹಾಗೆ ಒಂದು ಸಣ್ಣ ಊರಿನ ಮನೆಯ ವಿದ್ಯೆ ಜಗತ್ತಿಗೆ ಹರಡಿತು. ಬಾರ್ಟನ್ ಹೆಚ್ಚು ಕಾಲ ಬದುಕಲಿಲ್ಲ. 1923ರಲ್ಲಿ, 52ನೇ ವಯಸ್ಸಿನಲ್ಲಿ ತೀರಿಕೊಂಡ.

ನಮ್ಮ ದೇಶಕ್ಕೆ ಇದನ್ನು ತಂದವರು ಕಮಲಾ ನಿಂಬಕರ್. ಹುಟ್ಟಿನಿಂದ ಅಮೆರಿಕದವರು, ಆಗಿನ ಹೆಸರು ಎಲಿಜಬೆತ್ ಲಂಡಿ. ವಿಷ್ಣು ನಿಂಬಕರ್ ಎಂಬ ಮಹಾರಾಷ್ಟ್ರದವರನ್ನು ಮದುವೆಯಾಗಿ ಇಲ್ಲಿಗೆ ಬಂದು, ಹೆಸರನ್ನೂ ಬದಲಾಯಿಸಿಕೊಂಡರು. ನಲವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿನಿಯಾಗಿ ಫಿಲಡೆಲ್ಫಿಯಾದಲ್ಲಿ ಈ ವಿದ್ಯೆ ಕಲಿತು, 1948ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ವಿಭಾಗ ತೆರೆದರು. 1950ರಲ್ಲಿ ಕಲಿಸುವ ಶಾಲೆ, 1952ರಲ್ಲಿ ಅಖಿಲ ಭಾರತ ಸಂಘ. ಅವರು ರೋಗಿಯಾಗಿದ್ದವರಲ್ಲ, ಆದ್ದರಿಂದ ಅವರ ಕಥೆಯನ್ನು ಇನ್ನೊಮ್ಮೆ ಬರೆಯುತ್ತೇನೆ.

ರೋಗಿಯಾಗಿದ್ದು ಚಿಕಿತ್ಸಕರಾದವರು ನಮ್ಮ ಕಡೆ ಇಲ್ಲವೇ? ಇದ್ದಾರೆ. ಉಳ್ಳಾಲ ರೈಲು ನಿಲ್ದಾಣವನ್ನು ದಾಟಿ ದಿನವೂ ಚೆನ್ನೈ ಕಡೆಗೆ ಮೇಲ್ ಗಾಡಿ ಹೋಗುತ್ತದಲ್ಲ, ಅದರಲ್ಲಿ ದೊಡ್ಡ ಕವರಿನಲ್ಲಿ ಎಕ್ಸ್‌ರೇ ಹಿಡಿದುಕೊಂಡು ಕೂತವರು ಕಂಡರೆ, ಅವರು ಕಾಟ್ಪಾಡಿಯಲ್ಲಿ ಇಳಿಯುತ್ತಾರೆ ಎಂದು ಲೆಕ್ಕ. ಅಲ್ಲಿಂದ ವೆಲ್ಲೂರು ಹತ್ತಿರ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಹೆಸರು ನಮ್ಮ ಕರಾವಳಿಯ ಮನೆಮನೆಗೂ ಗೊತ್ತು. ಅಲ್ಲಿದ್ದರು ಡಾ. ಮೇರಿ ವರ್ಗೀಸ್.

1925ರಲ್ಲಿ ಕೊಚ್ಚಿ ಸೀಮೆಯಲ್ಲಿ ಹುಟ್ಟಿದ ಮೇರಿ ವೆಲ್ಲೂರಿನಲ್ಲೇ ವೈದ್ಯೆಯಾದರು. ಹೆರಿಗೆ ಮತ್ತು ಸ್ತ್ರೀರೋಗಗಳ ತಜ್ಞೆಯಾಗಬೇಕೆಂಬ ಆಸೆ. 1954ರ ಜನವರಿಯಲ್ಲಿ ಸಹೋದ್ಯೋಗಿಗಳೊಂದಿಗೆ ಗಾಡಿಯಲ್ಲಿ ವಿಹಾರಕ್ಕೆ ಹೊರಟಾಗ ಅಪಘಾತವಾಯಿತು. ಮುಖ ಜಜ್ಜಿಹೋಯಿತು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ವಯಸ್ಸು 28. ಆಗ ನಮ್ಮ ದೇಶದಲ್ಲಿ ಬೆನ್ನುಹುರಿ ಮುರಿದವರು ಹಾಸಿಗೆಹುಣ್ಣು, ಮೂತ್ರದ ಸೋಂಕಿನಿಂದ ಕೆಲವು ತಿಂಗಳು–ವರ್ಷಗಳಲ್ಲೇ ಸಾಯುವುದು ಸಾಮಾನ್ಯವಾಗಿತ್ತು. ಡಾಕ್ಟರ್ ಆಗಿದ್ದ ಅವರಿಗೆ ಅದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು.

ಅದೇ ಆಸ್ಪತ್ರೆಯಲ್ಲಿ ಡಾ. ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರಿದ್ದರು. ಕುಷ್ಠರೋಗದಿಂದ ಬೆರಳು ಮಡಚಿಹೋದವರ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಮತ್ತೆ ಬಿಡಿಸುವ ಕೆಲಸದಲ್ಲಿ ಜಗತ್ತಿಗೇ ಹೆಸರಾದವರು. ಕೈಯ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಕುಳಿತೇ ಮಾಡಬಹುದು. ನೀನು ಏಕೆ ಮಾಡಬಾರದು ಎಂಬ ದಾರಿಯನ್ನು ಮೇರಿಗೆ ತೋರಿಸಿದವರು ಅವರು. ಗಾಲಿಕುರ್ಚಿಯಲ್ಲಿ ಕುಳಿತ ವೈದ್ಯೆ ಮಡಚಿದ ಕೈಗಳನ್ನು ಬಿಡಿಸತೊಡಗಿದರು. ತನ್ನ ಕಾಲಿಗೆ ಆಗದ್ದು ಇನ್ನೊಬ್ಬರ ಕೈಗೆ ಆಗುತ್ತಿತ್ತು.

ಬ್ರ್ಯಾಂಡ್ ಅವರ ಬಗ್ಗೆ ಒಂದು ಪ್ರಸಂಗ ಹೇಳದೆ ಮುಂದೆ ಹೋಗಲಾರೆ. ಆಸ್ಪತ್ರೆಯಲ್ಲಿ ಕೈ ಸರಿಮಾಡಿಸಿಕೊಂಡು ಊರಿಗೆ ಹೋದ ಕೆಲವರು ಸಪ್ಪೆ ಮುಖ ಹಾಕಿ ಹಿಂದೆ ಬಂದರಂತೆ. ಈ ಕೈ ಭಿಕ್ಷೆಗೆ ಬರುವುದಿಲ್ಲ, ಮೊದಲಿನ ಕೈ ನೋಡಿ ಜನ ಕಾಸು ಹಾಕುತ್ತಿದ್ದರು ಎಂಬುದು ಅವರ ದೂರು. ಕುಷ್ಠ ಬಂದಿತ್ತೆಂದು ಕೆಲಸವನ್ನಂತೂ ಯಾರೂ ಕೊಡುವುದಿಲ್ಲ. ಕೈ ಸರಿಮಾಡಿದರೆ ಅರ್ಧ ಕೆಲಸ ಮಾತ್ರ ಆಯಿತು ಎಂದು ಬ್ರ್ಯಾಂಡ್‌ಗೆ ಅರಿವಾಯಿತು. ಅವರು ‘ನವಜೀವನ ಕೇಂದ್ರ’ವೊಂದನ್ನು ಕಟ್ಟಿ, ಅಲ್ಲಿ ಅವರಿಗೆ ಮರಗೆಲಸ, ಆಟಿಕೆ ತಯಾರಿಕೆ ಕಲಿಸಿದರು. ಬಾರ್ಟನ್ನಿನ ಮನೆಯಿಂದ ಸಾವಿರಾರು ಮೈಲಿ ಆಚೆ, ಅದೇ ಲೆಕ್ಕ ಅದೇ ಉತ್ತರಕ್ಕೆ ಬಂದು ನಿಂತಿತ್ತು.

ಮೇರಿ ವರ್ಗೀಸ್ ಅವರ ಕಥೆಯ ನಿಜವಾದ ತಿರುವು ಆಮೇಲೆ ಬಂತು. ಅವರು ಆಸ್ಟ್ರೇಲಿಯಾದ ಪರ್ತ್ ನಗರದ ಪುನರ್ವಸತಿ ಕೇಂದ್ರಕ್ಕೆ ರೋಗಿಯಾಗಿ ಹೋದರು. ಹಾಸಿಗೆಯಿಂದ ಕುರ್ಚಿಗೆ ತಾನೇ ಜಾರಿಕೊಳ್ಳುವುದು, ತಾನೇ ಉಡುಪು ಹಾಕಿಕೊಳ್ಳುವುದು, ತನ್ನ ಕೆಲಸವನ್ನು ತಾನೇ ನೋಡಿಕೊಳ್ಳುವುದು, ಹೀಗೆ ಚಿಕ್ಕಂದಿನಲ್ಲಿ ಕಲಿತದ್ದನ್ನೆಲ್ಲ ಶಸ್ತ್ರವೈದ್ಯೆ ಮತ್ತೊಮ್ಮೆ ಕಲಿಯಬೇಕಾಯಿತು. ಇಂಥ ತರಬೇತಿ ನಮ್ಮ ದೇಶದ ರೋಗಿಗಳಿಗೆ ಏಕಿಲ್ಲ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಪಡೆದ ಹೆಸರನ್ನು ಬದಿಗಿಟ್ಟು ನ್ಯೂಯಾರ್ಕಿಗೆ ಹೋಗಿ, ಪುನರ್ವಸತಿ ವೈದ್ಯಶಾಸ್ತ್ರದ ಹಿರಿಯರಾದ ಹೊವಾರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಗಾಲಿಕುರ್ಚಿಯಲ್ಲೇ ಓದಿದರು. ಹಿಂದಿರುಗಿ ವೆಲ್ಲೂರಿನಲ್ಲಿ ಆ ವಿಭಾಗದ ಮುಖ್ಯಸ್ಥರಾದರು. 1966ರಲ್ಲಿ ಬಾಗಾಯಂನಲ್ಲಿ ರೋಗಿಗಳು ತಂಗಿದ್ದು ತರಬೇತಿ ಪಡೆಯುವ ಪುನರ್ವಸತಿ ಸಂಸ್ಥೆ ತೆರೆಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು. 1986ರಲ್ಲಿ ತೀರಿಕೊಂಡರು. ಆ ಸಂಸ್ಥೆಗೆ ಈಗ ಅವರದ್ದೇ ಹೆಸರು.

ಅವರು ಓಟಿ ಅಲ್ಲ, ಪುನರ್ವಸತಿ ವೈದ್ಯೆ ಎಂದು ತಿಳಿದವರು ತಿದ್ದಬಹುದು. ಸರಿಯೇ. ಆದರೆ ಬೆನ್ನು ಮುರಿದ ಹೊಸ ರೋಗಿಯೊಬ್ಬ ಆ ವಾರ್ಡಿಗೆ ಬಂದು ಕಣ್ಣುಬಿಟ್ಟಾಗ, ಎದುರಿನ ಡಾಕ್ಟರ್ ತನ್ನಂತೆಯೇ ಕುರ್ಚಿಯಲ್ಲಿ ಕುಳಿತಿರುವುದನ್ನು ನೋಡಿದರೆ ಹೇಗಾಗಿರಬೇಕು! “ಎಲ್ಲ ಸರಿಯಾಗ್ತದೆ” ಎಂದು ಗಟ್ಟಿಮುಟ್ಟಾದವರು ಹೇಳುವುದನ್ನು ನಾನೂ ಬೇಕಾದಷ್ಟು ಕೇಳಿಸಿಕೊಂಡಿದ್ದೇನೆ. ಪ್ರೀತಿಯಿಂದಲೇ ಹೇಳುತ್ತಾರೆ. ರಾತ್ರಿ ಎರಡು ಗಂಟೆಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ನಮ್ಮ ಕರ್ನಾಟಕದಲ್ಲಿ ಕೇಳುವಿರಾದರೆ, ಬೆಂಗಳೂರಿನಲ್ಲಿ 1959ರಲ್ಲೇ ಎನ್. ಎಸ್. ಹೇಮಾ ಎಂಬವರು ಅಂಗವಿಕಲರ ಸಂಸ್ಥೆ ಕಟ್ಟಿದರು. ಎಪಿಡಿ ಎಂದರೆ ಹೆಚ್ಚು ಜನಕ್ಕೆ ಗೊತ್ತಾದೀತು. ಅಂಗವೈಕಲ್ಯವನ್ನು ಸ್ವತಃ ಅನುಭವಿಸಿದವರು ಅವರು. ಇನ್ನು ಮಾಲತಿ ಹೊಳ್ಳ ಅವರ ಹೆಸರು ಬ್ಯಾಂಕಿನವರಾದ ನಮಗೆಲ್ಲ ಹೆಮ್ಮೆಯದು. 1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಒಂದು ವರ್ಷದ ಕೂಸಾಗಿದ್ದಾಗ ಜ್ವರ ಬಂದು ಮೈ ಸ್ವಾಧೀನ ತಪ್ಪಿತು. ಬಾಲ್ಯದ ಸುಮಾರು ಹದಿನೈದು ವರ್ಷ ಚೆನ್ನೈಯ ಮೂಳೆಚಿಕಿತ್ಸಾ ಕೇಂದ್ರವೊಂದರಲ್ಲೇ ಕಳೆಯಿತು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. ಮುಂದೆ ನಮ್ಮ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನಲ್ಲಿ ಉದ್ಯೋಗ; ಗಾಲಿಕುರ್ಚಿಯ ಓಟ, ಎಸೆತಗಳಲ್ಲಿ ದೇಶ ವಿದೇಶದಲ್ಲಿ ಪದಕಗಳು; 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ. ಪದಕಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ಅವರು ಕಟ್ಟಿದ ಮಾತೃ ಫೌಂಡೇಷನ್. ಹಳ್ಳಿಗಳ ಬಡ ಮನೆಗಳಿಂದ ಬಂದ ಅಂಗವಿಕಲ ಮಕ್ಕಳು ಅಲ್ಲಿ ಇದ್ದು ಓದುತ್ತಾರೆ. ಆಸ್ಪತ್ರೆಯ ಹಾಸಿಗೆಯಲ್ಲಿ ಬಾಲ್ಯ ಕಳೆದವರಿಗೆ ಆ ಮಕ್ಕಳಿಗೆ ಏನು ಬೇಕೆಂದು ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ.

ಹಾಗೆಂದು ಕಾಯಿಲೆ ಬಿದ್ದವರೆಲ್ಲ ಥೆರಪಿಸ್ಟ್ ಆಗಬಹುದು ಎಂದಲ್ಲ. ನನ್ನ ಅನುಭವವೇ ನಿಮ್ಮ ಮದ್ದು ಎಂದು ಹೊರಟರೆ ಅಪಾಯ. ನಮ್ಮೂರಲ್ಲಿ ಅಂಥ ಸಲಹೆಗಾರರಿಗೆ ಬರವಿಲ್ಲ; ನನಗೇ ಮೂರು ಬಗೆಯ ಎಣ್ಣೆ, ಒಂದು ಪಾರಿವಾಳದ ರಕ್ತದ ಪ್ರಸ್ತಾಪ ಬಂದಿತ್ತು. ಮೇರಿ ವರ್ಗೀಸ್ ರೋಗಿಯಾಗಿದ್ದ ಮೇಲೂ ಸಮುದ್ರ ದಾಟಿ ಹೋಗಿ ಓದಿದರು, ಪರೀಕ್ಷೆ ಬರೆದರು. ಬಾರ್ಟನ್ ಕೂಡ ಡಾಕ್ಟರನ್ನು, ಶಿಕ್ಷಕಿಯನ್ನು ಜೊತೆಗೆ ಕೂರಿಸಿಕೊಂಡ. ಪಿಯುಸಿಯಲ್ಲಿ ವಿಜ್ಞಾನ, ಅದರಲ್ಲೂ ಜೀವಶಾಸ್ತ್ರ ಓದುವ ಮಕ್ಕಳು ಇದನ್ನು ಗಮನಿಸಿ: ಆಕ್ಯುಪೇಷನಲ್ ಥೆರಪಿಯಲ್ಲಿ ಪದವಿಯೇ ಉಂಟು. ನಮಗೆ ಹತ್ತಿರದ ಮಣಿಪಾಲದಲ್ಲೇ ಕಲಿಸುತ್ತಾರೆ. ದೇಹರಚನೆ, ನರಮಂಡಲ, ಮನಃಶಾಸ್ತ್ರ ಎಲ್ಲ ಓದಬೇಕು, ಆಮೇಲೆ ಆಸ್ಪತ್ರೆಯಲ್ಲಿ ತರಬೇತಿ. ಪಾರ್ಶ್ವವಾಯು ಹೊಡೆದ ಅಜ್ಜಂದಿರಷ್ಟೇ ಅಲ್ಲ, ಬರೆಯಲು ಪೆನ್ಸಿಲ್ ಹಿಡಿಯಲಾಗದ ಮಕ್ಕಳು, ಆಟಿಸಂ ಇರುವ ಮಕ್ಕಳು, ಸುಟ್ಟಗಾಯವಾದವರು, ಮರೆವಿನ ಕಾಯಿಲೆಯ ಅಜ್ಜಿಯರು ಎಲ್ಲರೂ ಅವರ ಬಳಿ ಬರುತ್ತಾರೆ. ಅಕ್ಟೋಬರ್ 27 ಅವರ ವಿಶ್ವ ದಿನ.

ಅಜ್ಜ–ಅಜ್ಜಿಯರಿಗೆ ಹೇಳಬೇಕಾದ್ದು ಬೇರೆ. ನಾನು ಮನೆಗೆ ಬಂದ ಹೊಸತರಲ್ಲಿ ನನ್ನ ಹೆಂಡತಿ ಅನ್ನ ಕಲಸಿ ತುತ್ತು ಮಾಡಿ ಬಾಯಿಗೆ ಕೊಡುತ್ತಿದ್ದಳು. ಥೆರಪಿಸ್ಟ್ ಮನೆ ನೋಡಲು ಬಂದವಳು ಅದನ್ನು ಕಂಡು, “ಆಂಟಿ, ಇನ್ನು ಅವರಿಗೆ ಉಣಿಸ್ಬೇಡಿ” ಎಂದಳು. ಹೆಂಡತಿಗೆ ಬಹಳ ಬೇಸರವಾಯಿತು. ಐವತ್ತು ವರ್ಷದ ಸಂಸಾರದಲ್ಲಿ ಗಂಡನಿಗೆ ಉಣಿಸಬೇಡ ಎಂದು ಹೇಳುವ ಇವಳು ಯಾರು ಎಂದು ಒಳಗೆ ಹೋಗಿ ಕೂತಳು. ಆಕೆ ಹಿಂದೆಯೇ ಹೋಗಿ ವಿವರಿಸಿದಳು: ಮೆದುಳಿನ ಸತ್ತ ಭಾಗ ಮತ್ತೆ ಹುಟ್ಟುವುದಿಲ್ಲ, ಆದರೆ ಅಕ್ಕಪಕ್ಕದ ಭಾಗಗಳು ಆ ಕೆಲಸವನ್ನು ಕಲಿಯಬಲ್ಲವು. ಒಂದೇ ಕೆಲಸವನ್ನು ನೂರಾರು ಸಲ ಮಾಡಿದರೆ ಮಾತ್ರ. ಒಂದು ತುತ್ತು ಉಣಿಸಿದರೆ, ಕಲಿಯುವ ಒಂದು ಅವಕಾಶ ತಪ್ಪಿತು.

ಅಂದಿನಿಂದ ಚಮಚದ ಹಿಡಿಗೆ ಹಳೆಯ ಬನಿಯನ್ ಬಟ್ಟೆ ಸುತ್ತಿ ದಪ್ಪ ಮಾಡಿದೆವು. ದಪ್ಪ ಹಿಡಿ ಹಿಡಿಯಲು ಸುಲಭ. ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ. ಅಂಗಿ ಹಾಕುವಾಗ ಸೋತ ಕೈಯನ್ನು ಮೊದಲು ತೂರಿಸಬೇಕು, ತೆಗೆಯುವಾಗ ಅದನ್ನು ಕೊನೆಗೆ ತೆಗೆಯಬೇಕು. ಈ ಒಂದು ಸೂತ್ರ ಗೊತ್ತಾದ ದಿನ ಅರ್ಧ ಗಂಟೆಯ ಜಗಳ ಹತ್ತು ನಿಮಿಷಕ್ಕೆ ಇಳಿಯಿತು. ಕೈಗೆ ಕಸರತ್ತು ಕೊಡುವ ಮೆತ್ತನೆಯ ಮುದ್ದೆ ಅಂಗಡಿಯಲ್ಲಿ ಸಿಗುತ್ತದೆ. ನಮ್ಮಲ್ಲಿ ಚಪಾತಿ ಹಿಟ್ಟೇ ಸಾಕಾಯಿತು. ಈಗ ಹಿಟ್ಟು ನಾದುವುದು ನನ್ನ ಖಾತೆ. ನನ್ನಾಕೆ ದೂರದಲ್ಲಿ ಕೂತು, ಸೊಂಟಕ್ಕೆ ಕೈ ಕೊಟ್ಟು, ನೀರು ಹೆಚ್ಚಾಯಿತು ಎನ್ನುತ್ತಾಳೆ. ಏಳಬೇಕೆನಿಸಿದರೂ ಏಳದೆ ಕೂರುವುದು ಅವಳಿಗೆ ನನ್ನ ಕಸರತ್ತಿಗಿಂತ ಕಷ್ಟ ಎಂದು ನನಗೆ ಗೊತ್ತು.

ಸಹಿಯ ವಿಷಯ ಕೇಳುವಿರಿ. ಬರುತ್ತದೆ, ಮೊದಲಿನದ್ದಲ್ಲ. ಬ್ಯಾಂಕಿಗೆ ಹೋಗಿ ಹೊಸ ಮಾದರಿ ಸಹಿ ಕೊಟ್ಟು ಬಂದೆ. ನೋಟು ಎಣಿಸುತ್ತೇನೆ, ನೂರಕ್ಕೆ ಸುಮಾರು ಐದು ನಿಮಿಷ. ಮೀನುಗಾರ ಸ್ನೇಹಿತರು ಬಲೆ ಸರಿಮಾಡುತ್ತಾರೆ, ದೋಣಿ ಹತ್ತುವುದಿಲ್ಲ. ಬೀಡಿಯವರು ಕಟ್ಟುವ ಕೆಲಸ ಬಿಟ್ಟು ಹಿಡಿಸೂಡಿ ಮಾಡುತ್ತಿದ್ದಾರೆ ಎಂದು ಕೇಳಿದೆ.

ಓದುವ ಮಕ್ಕಳಿಗೆ ಒಂದು ಆಟ ಹೇಳುತ್ತೇನೆ. ಥೆರಪಿಸ್ಟ್ ಅಕ್ಕ ನನ್ನ ಮೊಮ್ಮಗಳಿಗೆ ಹೇಳಿಕೊಟ್ಟದ್ದು. ಒಂದು ಭಾನುವಾರ ಸಂಜೆ, ನೀವು ಬರೆಯುವ ಕೈಗೆ ಕಾಲುಚೀಲ ಹಾಕಿ, ಬೆನ್ನ ಹಿಂದೆ ಇಟ್ಟುಕೊಳ್ಳಿ. ಒಂದು ಗಂಟೆ ಹಾಗೆಯೇ ಇರಿ. ಅಂಗಿ ಬದಲಾಯಿಸಿ, ಬಾಳೆಹಣ್ಣು ಸುಲಿಯಿರಿ, ಶೂ ಲೇಸ್ ಕಟ್ಟಿ, ಬಾಟಲಿಯ ಮುಚ್ಚಳ ತೆರೆಯಿರಿ. ಯಾರೂ ಸಹಾಯ ಮಾಡಬಾರದು. ಯಾವ ಕೆಲಸ ಬಾರದೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂತು ಎಂದು ಆಮೇಲೆ ಬರೆದಿಡಿ. ನನ್ನ ಮೊಮ್ಮಗಳು ಬಾಳೆಹಣ್ಣನ್ನು ಹಲ್ಲಿನಿಂದ ಸುಲಿದಳು, ಬಾಟಲಿಯನ್ನು ಮೊಣಕಾಲಿನ ನಡುವೆ ಸಿಕ್ಕಿಸಿ ತೆರೆದಳು, ಲೇಸನ್ನು ಶೂ ಒಳಗೆ ತುರುಕಿ ಮುಗಿಸಿದಳು. ಎರಡು ಜಡೆ ಹಾಕಿಕೊಳ್ಳಲು ಮಾತ್ರ ಆಗಲಿಲ್ಲ. ಅರ್ಧ ಗಂಟೆ ಕನ್ನಡಿಯ ಮುಂದೆ ಕೂತು, ಕೊನೆಗೆ ಬಾಚಣಿಗೆ ಎಸೆದು, ನನ್ನ ಬಳಿ ಬಂದು, “ಅಜ್ಜಾ, ನಿಮಗೆ ಜಡೆ ಹಾಕ್ಲಿಕ್ಕೆ ಬರ್ತದಾ?” ಎಂದು ಕೇಳಿದಳು. ಬರುವುದಿಲ್ಲ. ಈ ವಾರದಿಂದ ಕಲಿಯುತ್ತಿದ್ದೇನೆ.